ಸಿಲಿಂಡರಿನ ಅಗಲವೂ ಗೋಡೆಯ ದಪ್ಪವೂ

ಮೋಟಾರು ಕಾರಿನ ಹೆಸರಿನ ಜೊತೆಗೆ 1500, 1600, 1800 ಎಂಬ ಅಂಕಿಗಳಿರುವುದನ್ನು ಓದುಗರು ಗಮನಿಸಿರಬಹುದು. ಅದು ಕಾರಿನ ಬೆಲೆಯಲ್ಲ, ತೂಕವೂ ಅಲ್ಲ. ಅದರ ಎಂಜಿನ್ನಿನ ಘನಗಾತ್ರ. ಪಿಸ್ಟನ್ನುಗಳೆಲ್ಲ ತಮ್ಮ ತಮ್ಮ ಸಿಲಿಂಡರುಗಳಲ್ಲಿ ಒಮ್ಮೆ ಕೆಳಗಿನಿಂದ ಮೇಲಕ್ಕೆ ಸರಿದಾಗ ಎಷ್ಟು ಘನ ಸೆಂಟಿಮೀಟರು ಜಾಗವನ್ನು ತೆರವು ಮಾಡುತ್ತವೆಯೋ ಅಷ್ಟು ಅದರ ಗಾತ್ರ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಅಕ್ಕರೆಯಿಂದ ಉಳಿಸಿಕೊಂಡಿರುವವರು ಲೋಕದಲ್ಲಿ ಅನೇಕರಿದ್ದಾರೆ. ಸವೆದ ಎಂಜಿನ್ನನ್ನು ಇಳಿಸಿ, ಬಿಚ್ಚಿ, ಹೊಸದಾಗಿ ಜೋಡಿಸುವ ಕಾಲ ಬಂದಾಗ ಅವರಲ್ಲಿ ಬಹುಮಂದಿಗೆ ಒಂದು ಯೋಚನೆ ಬರುತ್ತದೆ: ‘ಹೇಗೂ ಬಿಚ್ಚಿದ್ದಾಗಿದೆ, ಇದನ್ನು ಇನ್ನೂ ಸ್ವಲ್ಪ ದೊಡ್ಡದು ಮಾಡಿಸಿಬಿಡೋಣವೇ?’

ಯೋಚನೆ ಮೇಲ್ನೋಟಕ್ಕೆ ಸರಳವಾದದ್ದು. ದೊಡ್ಡ ಪಾತ್ರೆಯಲ್ಲಿ ಹೆಚ್ಚು ಅನ್ನ ಬೇಯುತ್ತದೆ. ದೊಡ್ಡ ಎಂಜಿನ್ನಿನಲ್ಲಿ ಹೆಚ್ಚು ಶಕ್ತಿ ಹುಟ್ಟುತ್ತದೆ. ಆದರೆ ಪಾತ್ರೆ ಸಾಲದಾದಾಗ ನಾವು ಬೇರೊಂದು ಪಾತ್ರೆಯನ್ನು ತರುತ್ತೇವೆಯೇ ಹೊರತು, ಇದ್ದ ಪಾತ್ರೆಯನ್ನೇ ಒಳಗಿನಿಂದ ಹೆರೆದು ಅಗಲ ಮಾಡುವುದಿಲ್ಲ. ಹಳೆಯ ಎಂಜಿನ್ನಿನ ವಿಷಯದಲ್ಲಿ ನಡೆಯುವುದು ಈ ಹೆರೆಯುವ ಕೆಲಸವೇ. ಇದರಿಂದ ಬರುವುದೆಷ್ಟು, ಹೋಗುವುದೆಷ್ಟು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಒಂದು ಪ್ರಸಿದ್ಧ ಕಾರಿನ ಉದಾಹರಣೆಯಿಂದ ತಿಳಿಯೋಣ.

ಆ ಕಾರಿನ ಹೆಸರು ಎಂ.ಜಿ.ಬಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಮಾರಿಸ್ ಗ್ಯಾರೇಜಸ್ ಎಂಬ ಸಂಸ್ಥೆಯ ಮೊದಲಕ್ಷರಗಳೇ ಎಂ.ಜಿ. ಎಂಬ ಹೆಸರಾದವು. ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರ ವರೆಗೆ ಈ ಕಾರು ತಯಾರಾಯಿತು. ತೆರೆದ ಮೈಯವು, ಮುಚ್ಚಿದ ಮೈಯವು ಎಲ್ಲ ಸೇರಿ ಐದು ಲಕ್ಷಕ್ಕೂ ಮಿಕ್ಕ ಕಾರುಗಳು ಅಲ್ಲಿಂದ ಹೊರಬಂದವು. 1980ರಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಆದ್ದರಿಂದ ಆ ಕಾಲದಲ್ಲಿ ಎರಕ ಹೊಯ್ದ ಮೂಲ ಎಂಜಿನ್ ಬ್ಲಾಕುಗಳ ಸಂಖ್ಯೆ ಇನ್ನು ಹೆಚ್ಚುವಂತಿಲ್ಲ. ವರುಷ ವರುಷಕ್ಕೆ ಕಡಮೆಯಾಗುವುದು ಮಾತ್ರ ಸಾಧ್ಯ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬರುವ ಲೆಕ್ಕಕ್ಕೆಲ್ಲ ಇದೇ ತಳಹದಿ.

ಈ ಕಾರು ನಮ್ಮ ರಸ್ತೆಗಳಲ್ಲಿ ಅಪರೂಪವಾದರೂ ಅದರ ಎಂಜಿನ್ನಿನ ವಂಶ ನಮಗೆ ಅಪರಿಚಿತವಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎಂಬ ಸಂಸ್ಥೆಯ ‘ಬಿ ಶ್ರೇಣಿ’ ಎಂಜಿನ್ನೇ ಇದರ ಮೂಲ. ನಮ್ಮ ಸರ್ಕಾರಿ ಕಚೇರಿಗಳ ಮುಂದೆಯೂ ಟ್ಯಾಕ್ಸಿ ನಿಲ್ದಾಣಗಳಲ್ಲಿಯೂ ಬಹುಕಾಲ ಕಾಣಿಸುತ್ತಿದ್ದ ಅಂಬಾಸಡರ್ ಕಾರಿನಲ್ಲಿದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನು ಇದೇ ಶ್ರೇಣಿಯದು. ಬಂಗಾಳದ ಉತ್ತರಪಾಡಾದಲ್ಲಿ ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅಂಬಾಸಡರಿಗೆ ‘ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ’ ಹಳೆಯ ಚಾಲಕರಿಗೂ ಮೆಕ್ಯಾನಿಕರಿಗೂ ಈ ಲೇಖನದ ಅರ್ಧ ಭಾಗ ಆಗಲೇ ಗೊತ್ತು.

ಈಗ ಲೆಕ್ಕಕ್ಕೆ ಬರೋಣ. ಇದು ಹೈಸ್ಕೂಲಿನ ಹುಡುಗರು ಮಾಡಬಲ್ಲ ಲೆಕ್ಕವೇ. ಸಿಲಿಂಡರಿನ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.7854ರಿಂದ ಗುಣಿಸಿದರೆ ವೃತ್ತದ ವಿಸ್ತೀರ್ಣ ಬರುತ್ತದೆ. ಅದನ್ನು ಪಿಸ್ಟನ್ನಿನ ಓಟದ ಉದ್ದದಿಂದ ಗುಣಿಸಿದರೆ ಒಂದು ಸಿಲಿಂಡರಿನ ಗಾತ್ರ; ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಎಂಜಿನ್ನಿನ ಗಾತ್ರ. ಅಂಬಾಸಡರಿನ ಎಂಜಿನ್ನಿನಲ್ಲಿ ವ್ಯಾಸ 7.302 ಸೆಂಟಿಮೀಟರು, ಓಟ 8.89 ಸೆಂಟಿಮೀಟರು. ವ್ಯಾಸದ ವರ್ಗ 53.32, ವಿಸ್ತೀರ್ಣ 41.88, ಒಂದು ಸಿಲಿಂಡರಿನ ಗಾತ್ರ 372.3, ನಾಲ್ಕಕ್ಕೆ ಸೇರಿ 1489. ಹೆಸರಿನಲ್ಲಿರುವ ಅಂಕಿಯ ಗುಟ್ಟು ಇಷ್ಟೆ.

ಈ ಲೆಕ್ಕದಲ್ಲಿ ವ್ಯಾಸ ಎರಡು ಸಲ ಗುಣಿಸಲ್ಪಡುತ್ತದೆ, ಓಟ ಒಂದೇ ಸಲ. ಆದ್ದರಿಂದ ವ್ಯಾಸವನ್ನು ನೂರಕ್ಕೆ ಹತ್ತರಷ್ಟು ಹಿಗ್ಗಿಸಿದರೆ ಗಾತ್ರ ನೂರಕ್ಕೆ ಇಪ್ಪತ್ತೊಂದರಷ್ಟು ಹಿಗ್ಗುತ್ತದೆ. ಎಂಜಿನ್ನನ್ನು ದೊಡ್ಡದು ಮಾಡಬಯಸುವವರು ಮೊದಲು ವ್ಯಾಸಕ್ಕೇ ಕೈ ಹಾಕುವುದು ಈ ಕಾರಣದಿಂದ.

ಆ ಕಾರ್ಪೊರೇಷನ್ನಿನವರು ಮಾಡಿದ್ದೂ ಅದನ್ನೇ. 1955ರಲ್ಲಿ ಹೊರಬಂದ ಎಂ.ಜಿ.ಎ. ಕಾರಿನಲ್ಲಿದ್ದುದು ಈ 1489ರ ಎಂಜಿನ್ನು. 1959ರಲ್ಲಿ ಅದರ ವ್ಯಾಸವನ್ನು 75.4 ಮಿಲಿಮೀಟರಿಗೆ ಏರಿಸಿ 1588 ಮಾಡಿದರು. 1961ರಲ್ಲಿ 76.2 ಮಿಲಿಮೀಟರಿಗೆ ಏರಿಸಿ 1622 ಮಾಡಿದರು. 1962ರಲ್ಲಿ ಎಂ.ಜಿ.ಬಿ. ಬಂದಾಗ ವ್ಯಾಸ 80.26 ಮಿಲಿಮೀಟರಾಗಿ ಗಾತ್ರ 1798ಕ್ಕೆ ಏರಿತು. ಈ ನಾಲ್ಕರಲ್ಲಿಯೂ ಪಿಸ್ಟನ್ನಿನ ಓಟ ಅದೇ 88.9 ಮಿಲಿಮೀಟರು, ಕೂದಲೆಳೆಯಷ್ಟೂ ಬದಲಾಗಲಿಲ್ಲ. ‘ಕಾರ್ಖಾನೆಯವರೇ ಏಳು ವರುಷಗಳಲ್ಲಿ ಮೂರು ಸಲ ಹಿಗ್ಗಿಸಿರುವಾಗ ನಾವು ನಾಲ್ಕನೆಯ ಸಲ ಹಿಗ್ಗಿಸಿದರೆ ತಪ್ಪೇನು?’ ಎಂದು ಯಾರಾದರೂ ಕೇಳಬಹುದು.

ವ್ಯತ್ಯಾಸವಿರುವುದು ಇಲ್ಲಿಯೇ. ಕಾರ್ಖಾನೆಗೆ ಎರಕದ ಅಚ್ಚನ್ನು ಬದಲಾಯಿಸುವ ಅನುಕೂಲವಿತ್ತು. ಸಿಲಿಂಡರನ್ನು ಅಗಲ ಮಾಡಿದಾಗ ಅದರ ಗೋಡೆಯನ್ನೂ ಹೊರಕ್ಕೆ ಸರಿಸಿ ಹೊಸ ಎರಕ ಹೊಯ್ಯಬಹುದಿತ್ತು. 1798 ಮಾಡುವಾಗ ಅಗಲಕ್ಕೆ ಎಡೆ ಸಾಲದಾಯಿತು. ಆಗ ಸಿಲಿಂಡರುಗಳನ್ನು ಜೋಡಿಯಾಗಿ ಬೆಸೆದು, ಜೋಡಿಯ ನಡುವೆ ನೀರು ಹರಿಯುತ್ತಿದ್ದ ಸಂದನ್ನು ಮುಚ್ಚಿ, ಅವಳಿ ಮಕ್ಕಳಂತೆ ಮೈಗೆ ಮೈ ತಾಗಿಸಿ ಎರಕ ಹೊಯ್ದರು. ಹೆಚ್ಚಿದ ಬಲವನ್ನು ತಾಳಿಕೊಳ್ಳಲೆಂದು 1964ರ ಕೊನೆಯ ವೇಳೆಗೆ ಕ್ರ್ಯಾಂಕ್ ಷಾಫ್ಟಿನ ಮುಖ್ಯ ಬೇರಿಂಗುಗಳನ್ನು ಮೂರರಿಂದ ಐದಕ್ಕೆ ಏರಿಸಿದರು. ಹೀಗೆ ಅಲ್ಲಿ ಒಂದು ಕಡೆ ಅಗಲವಾದಾಗ ಇನ್ನೊಂದು ಕಡೆ ಆಸರೆ ಬಂತು. ಆದರೆ ಇಂದು ವರ್ಕ್‌ಷಾಪಿನಲ್ಲಿ ಎಂಜಿನ್ನನ್ನು ಬಿಚ್ಚಿಟ್ಟುಕೊಂಡವನಿಗೆ ಅಚ್ಚಿಲ್ಲ, ಕುಲುಮೆಯಿಲ್ಲ. ಅವನ ಮುಂದಿರುವುದು ಐವತ್ತು ಅರುವತ್ತು ವರುಷಗಳ ಹಿಂದೆ ಹೊಯ್ದ ಎರಕ. ಕಾರ್ಖಾನೆ ಗೋಡೆಯನ್ನು ಸರಿಸಿತು. ಇವನು ಗೋಡೆಯನ್ನು ತೆಳುಮಾಡುತ್ತಾನೆ. ಎರಡರ ಫಲವೂ ಕಾಗದದ ಮೇಲೆ ಒಂದೇ ಅಂಕಿಯಾಗಿ ಕಂಡರೂ ಕಬ್ಬಿಣದಲ್ಲಿ ಒಂದೇ ಅಲ್ಲ.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಸಂಧಿಗಳು ಮೂರು ಎಂಬುದು ನೆನಪಿರಬಹುದು: ಲೋಪ, ಆಗಮ, ಆದೇಶ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದಾಗ ಒಂದು ಅಕ್ಷರ ಬಿಟ್ಟುಹೋಗುತ್ತದೆ. ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ ಆದಾಗ ಒಂದು ಅಕ್ಷರ ಹೊಸದಾಗಿ ಬರುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಾಗ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಎಂಜಿನ್ನಿನ ಕೆಲಸದಲ್ಲಿಯೂ ಇರುವ ದಾರಿಗಳು ಇವೇ ಮೂರು. ಸಿಲಿಂಡರನ್ನು ಕೊರೆದು ಅಗಲ ಮಾಡುವುದು ಲೋಪ. ಕೆಟ್ಟ ಸಿಲಿಂಡರಿನೊಳಗೆ ಹೊಸ ಕಬ್ಬಿಣದ ಕೊಳವೆಯನ್ನು, ಎಂದರೆ ಸ್ಲೀವನ್ನು, ಒತ್ತಿ ಕೂರಿಸುವುದು ಆಗಮ. ಕ್ರ್ಯಾಂಕ್ ಷಾಫ್ಟನ್ನು ತೆಗೆದು ಹೆಚ್ಚು ಓಟವುಳ್ಳ ಬೇರೊಂದನ್ನು ಹಾಕುವುದು ಆದೇಶ.

ಕಡೆಯದರಿಂದ ಆರಂಭಿಸೋಣ. ಓಟವನ್ನು ಹೆಚ್ಚಿಸಿದರೆ ಸಿಲಿಂಡರಿನ ಗೋಡೆಗೆ ಕೈ ಹಚ್ಚದೆಯೇ ಗಾತ್ರ ಬೆಳೆಯುತ್ತದೆ. ಆದರೆ ಒಂದು ಸುತ್ತಿಗೆ ಪಿಸ್ಟನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಸಂಚರಿಸಬೇಕು. ಈಗಿರುವ ಓಟದಲ್ಲಿಯೇ, ಎಂಜಿನ್ನು ನಿಮಿಷಕ್ಕೆ 5400 ಸುತ್ತು ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16 ಮೀಟರು. ಓಟ ಹೆಚ್ಚಿದಷ್ಟೂ ಈ ವೇಗ ಹೆಚ್ಚುತ್ತದೆ. ಕನೆಕ್ಟಿಂಗ್ ರಾಡುಗಳಿಗೂ ಬೋಲ್ಟುಗಳಿಗೂ ಬೇರಿಂಗುಗಳಿಗೂ ಬೀಳುವ ಜಗ್ಗಾಟ ಹೆಚ್ಚುತ್ತದೆ. ಹೊಸ ಷಾಫ್ಟಿನ ಖರ್ಚೂ ಸಣ್ಣದಲ್ಲ. ಆದ್ದರಿಂದ ರಸ್ತೆಯ ಮೇಲೆ ಓಡುವ ಕಾರಿಗೆ ಈ ದಾರಿಯನ್ನು ಹಿಡಿಯುವವರು ಕಡಮೆ.

ಉಳಿದದ್ದು ಕೊರೆಯುವ ದಾರಿ. ಇದಕ್ಕೆ ನ್ಯಾಯವಾದ ಕಾರಣವೂ ಒಂದಿದೆ. ಬಹುದಿನ ಓಡಿದ ಸಿಲಿಂಡರು ಒಂದೇ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ನು ಮೇಲಕ್ಕೆ ಬಂದು ಹಿಂದಿರುಗುವ ಎಡೆಯಲ್ಲಿ ಶಾಖವೂ ಒತ್ತಡವೂ ಹೆಚ್ಚು, ಎಣ್ಣೆ ಕಡಮೆ. ಆದ್ದರಿಂದ ಅಲ್ಲಿ ಸವೆತ ಹೆಚ್ಚು. ಪಿಸ್ಟನ್ನು ಒಂದು ಪಕ್ಕಕ್ಕೆ ಒರಗಿ ಸಾಗುವುದರಿಂದ ಆ ಪಕ್ಕ ಇನ್ನೂ ಹೆಚ್ಚು ಸವೆಯುತ್ತದೆ. ಹೀಗೆ ದುಂಡಗಿದ್ದ ಸಿಲಿಂಡರು ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ, ಸುತ್ತಲೂ ಕೋಳಿಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಆಗ ಎಂಜಿನ್ನು ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಕಾರುತ್ತದೆ. ಅದನ್ನು ಮತ್ತೆ ದುಂಡಗೆ ಮಾಡಬೇಕಾದರೆ ಕೊರೆಯದೆ ಗತಿಯಿಲ್ಲ. ಅದಕ್ಕೆಂದೇ ಮೂಲ ಅಳತೆಗಿಂತ ಅಂಗುಲದ ಸಾವಿರದಲ್ಲಿ 20, 40, 60 ಭಾಗಗಳಷ್ಟು ದಪ್ಪನಾದ ಓವರ್‌ಸೈಜ್ ಪಿಸ್ಟನ್ನುಗಳು ಸಿಗುತ್ತವೆ.

60ರ ಪಿಸ್ಟನ್ನು ಹಾಕಿದಾಗ ಎಂ.ಜಿ.ಬಿ.ಯ ವ್ಯಾಸ 81.78 ಮಿಲಿಮೀಟರಾಗಿ ಗಾತ್ರ 1868ಕ್ಕೆ ಏರುತ್ತದೆ. ಇದು ನೂರಕ್ಕೆ ಸುಮಾರು ನಾಲ್ಕರಷ್ಟು ಹೆಚ್ಚಳ. ಇಷ್ಟಕ್ಕೆ ತೃಪ್ತರಾಗದವರು 83.5 ಮಿಲಿಮೀಟರಿನ ಸುತ್ತಮುತ್ತಲಿಗೆ ಕೊರೆದು ಗಾತ್ರವನ್ನು 1950ರ ಸಮೀಪಕ್ಕೆ ಒಯ್ಯುತ್ತಾರೆ. ಆಗ ಹೆಚ್ಚಳ ನೂರಕ್ಕೆ ಎಂಟೂವರೆಯಷ್ಟು. ಗಾಳಿಯ ಹರಿವು ಮೊದಲಾದವೆಲ್ಲ ಗಾತ್ರಕ್ಕೆ ತಕ್ಕಂತೆ ಬೆಳೆದವೆಂದೇ ಇಟ್ಟುಕೊಂಡರೂ 95 ಅಶ್ವಶಕ್ತಿಯ ಎಂಜಿನ್ನಿಗೆ ಕೂಡಿಬರುವುದು ಎಂಟು ಅಶ್ವಶಕ್ತಿ. ಇನ್ನು ಇದಕ್ಕೆ ತೆರುವ ಬೆಲೆಯನ್ನು ನೋಡೋಣ.

ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು ಕಬ್ಬಿಣ ಸಿಲಿಂಡರಿನ ಗೋಡೆಯಿಂದ ಸುತ್ತಲೂ ಹೋಗುತ್ತದೆ. 60ರ ಅಳತೆಗೆ ಹೋಗುವುದು ಮುಕ್ಕಾಲು ಮಿಲಿಮೀಟರು. 1950ರ ಅಳತೆಗೆ ಹೋಗುವುದು ಒಂದೂವರೆ ಮಿಲಿಮೀಟರಿಗೂ ಹೆಚ್ಚು. ‘ಇಷ್ಟೇ ತಾನೆ’ ಎನ್ನಬಾರದು. ಗೋಡೆಯ ಹೊರಮೈಯಲ್ಲಿ ನೀರಿದೆ. ಹತ್ತಾರು ವರುಷ ನಿಂತ ನೀರಿನಿಂದ ಆ ಮೈ ತುಕ್ಕು ಹಿಡಿದು ಅಲ್ಲಲ್ಲಿ ಕುಳಿ ಬಿದ್ದಿರುತ್ತದೆ. ಕೊರೆಯುವವನು ಒಳಗಿನಿಂದ ತಿನ್ನುತ್ತಾನೆ, ತುಕ್ಕು ಹೊರಗಿನಿಂದ ತಿನ್ನುತ್ತದೆ. ಗೋಡೆ ನಡುವೆ ಸಿಕ್ಕಿಬೀಳುತ್ತದೆ. ಇದರ ಮೇಲೆ, ಎರಕ ಹೊಯ್ಯುವಾಗ ಒಳಗಿನ ಮರಳಿನ ತಿರುಳು ಸ್ವಲ್ಪ ಜರುಗಿದ್ದರೂ ಸಾಕು, ಗೋಡೆ ಒಂದು ಪಕ್ಕಕ್ಕೆ ದಪ್ಪ, ಇನ್ನೊಂದು ಪಕ್ಕಕ್ಕೆ ತೆಳು ಆಗಿರುತ್ತದೆ. ಹೊರಗಿನಿಂದ ನೋಡಿದರೆ ಎರಡು ಬ್ಲಾಕುಗಳು ಒಂದೇ ತರಹ. ಒಳಗಿನ ಗೋಡೆಗಳು ಬೇರೆ ಬೇರೆ. ಒಬ್ಬನ ಎಂಜಿನ್ನು 1950ಕ್ಕೆ ಹಿಗ್ಗಿ ಚೆನ್ನಾಗಿ ಓಡಿತೆಂಬುದು ಇನ್ನೊಬ್ಬನ ಎಂಜಿನ್ನಿಗೆ ಆಧಾರವಾಗದು.

ಹಾಗಾದರೆ ತಿಳಿಯುವುದು ಹೇಗೆ? ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದ ಕೇಳುತ್ತಾರಲ್ಲವೇ? ಅದೇ ತತ್ತ್ವವನ್ನು ಸೂಕ್ಷ್ಮವಾಗಿ ಬಳಸುವ ಉಪಕರಣ ಈಗ ಇದೆ. ಕಿವಿಗೆ ಕೇಳಿಸದಷ್ಟು ಎತ್ತರದ ಧ್ವನಿಯನ್ನು ಗೋಡೆಯೊಳಕ್ಕೆ ಕಳುಹಿಸಿ, ಆಚೆಯ ಮೈಗೆ ತಾಗಿ ಮರುದನಿ ಬರಲು ಹಿಡಿಯುವ ಕಾಲದಿಂದ ದಪ್ಪವನ್ನು ಅಳೆಯುತ್ತಾರೆ. ವೈದ್ಯರು ಹೊಟ್ಟೆಯ ಸ್ಕ್ಯಾನ್ ಮಾಡುವುದೂ ಈ ಬಗೆಯ ಧ್ವನಿಯಿಂದಲೇ. ನಾಲ್ಕು ಸಿಲಿಂಡರುಗಳನ್ನೂ ಮೇಲೆ, ನಡುವೆ, ಕೆಳಗೆ, ಸುತ್ತ ಹಲವು ಕಡೆಗಳಲ್ಲಿ ಹೀಗೆ ಅಳೆಸಬೇಕು. ಅತ್ಯಂತ ತೆಳುವಾದ ಎಡೆಯ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬಿರುಕುಗಳಿವೆಯೇ ಎಂದು ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಪರೀಕ್ಷಿಸಬೇಕು. ಇದೆಲ್ಲ ಆಗುವುದಕ್ಕೆ ಮುಂಚೆ ಪಿಸ್ಟನ್ನು ಕೊಳ್ಳಬಾರದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಈ ಬ್ಲಾಕಿಗೂ ಸಲ್ಲುತ್ತದೆ.

ಗೋಡೆ ತೆಳುವಾದರೆ ಆಗುವ ಕೇಡೇನು? ಒಳಗೆ ಬೆಂಕಿಯ ಒತ್ತಡ ಬಿದ್ದಾಗ ತೆಳುಗೋಡೆ ಬಾಗುತ್ತದೆ. ದುಂಡಗೆ ಕೊರೆದ ಸಿಲಿಂಡರು ಓಡುವಾಗ ದುಂಡಗಿರುವುದಿಲ್ಲ. ರಿಂಗುಗಳು ಗೋಡೆಗೆ ಒತ್ತಿ ಕೂರುವುದಿಲ್ಲ. ಹೊಸ ಎಂಜಿನ್ನೇ ಎಣ್ಣೆ ಕುಡಿಯತೊಡಗುತ್ತದೆ. ಹಿಗ್ಗಿಸಿದ್ದರಿಂದ ಬಂದ ಶಕ್ತಿ ಸಂದುಗಳಲ್ಲಿ ಸೋರಿಹೋಗುತ್ತದೆ. ಇನ್ನೂ ತೆಳುವಾಗಿದ್ದರೆ ಗೋಡೆ ಬಿರಿದು ನೀರು ಸಿಲಿಂಡರಿನೊಳಕ್ಕೆ ಬರುತ್ತದೆ. ಅವಳಿ ಸಿಲಿಂಡರುಗಳ ನಡುವಿನ ಕಟ್ಟೆಯೂ ಅಷ್ಟರಮಟ್ಟಿಗೆ ಕಿರಿದಾಗುವುದರಿಂದ ಹೆಡ್ ಗ್ಯಾಸ್ಕೆಟ್ಟು ಅಲ್ಲಿ ಬೇಗ ಸುಡುವ ಭಯವಿದೆ. ಅಗಲವಾದ ಸಿಲಿಂಡರಿಗೆ ಅಗಲವಾದ ಗ್ಯಾಸ್ಕೆಟ್ಟನ್ನೇ ಹಾಕಬೇಕು; ಇಲ್ಲವಾದರೆ ಅದರ ಅಂಚು ಬೆಂಕಿಯಲ್ಲಿ ಚಾಚಿಕೊಂಡಿರುತ್ತದೆ.

‘ಕೆಟ್ಟರೆ ಸ್ಲೀವ್ ಹಾಕಿಸಿದರಾಯಿತು’ ಎಂದು ಧೈರ್ಯ ಹೇಳುವವರುಂಟು. ಸ್ಲೀವ್ ಒಳ್ಳೆಯ ಉಪಾಯವೇ. ಮಿತಿ ಮೀರಿ ಸವೆದ ಅನೇಕ ಬ್ಲಾಕುಗಳನ್ನು ಅದು ಮೂಲ ಅಳತೆಗೆ ತಂದು ಬದುಕಿಸಿದೆ. ಆದರೆ ಸ್ಲೀವು ಕೂರಬೇಕಾದರೆ ಅದರ ದಪ್ಪಕ್ಕೆ ಎಡೆಯಾಗುವಂತೆ ಹಳೆಯ ಗೋಡೆಯನ್ನು ಇನ್ನಷ್ಟು ಕೊರೆಯಬೇಕು. ಆಗಮವಾಗಬೇಕಾದರೆ ಮೊದಲು ಲೋಪವಾಗಬೇಕು. ಆಗಲೇ ಕೊನೆಯ ಅಂಚಿಗೆ ಬಂದ ಗೋಡೆಯಲ್ಲಿ ಅದಕ್ಕೂ ಜಾಗವಿರುವುದಿಲ್ಲ.

ಗೋಡೆ ದಪ್ಪವಾಗಿದ್ದು ಕೊರೆಯುವುದು ನಿಶ್ಚಯವಾಯಿತೆಂದು ಇಟ್ಟುಕೊಳ್ಳೋಣ. ಆಗ ಕ್ರಮ ಹೀಗೆ. ಮೊದಲು ಪಿಸ್ಟನ್ನುಗಳನ್ನು ತರಿಸಿ ಒಂದೊಂದನ್ನೂ ಅಳೆಯಬೇಕು. ಪಿಸ್ಟನ್ನಿಗೆ ತಕ್ಕಂತೆ ಸಿಲಿಂಡರು, ಸಿಲಿಂಡರಿಗೆ ತಕ್ಕಂತೆ ಪಿಸ್ಟನ್ನಲ್ಲ. ಬೇಕಾದ ಅಳತೆಗೆ ಸ್ವಲ್ಪ ಮುಂಚೆಯೇ ಕೊರೆಯುವುದನ್ನು ನಿಲ್ಲಿಸಿ, ಉಳಿದದ್ದನ್ನು ಸಾಣೆಕಲ್ಲುಗಳಿಂದ ಹೋನಿಂಗ್ ಮಾಡಬೇಕು. ಆಗ ಗೋಡೆಯ ಮೇಲೆ ಅಡ್ಡಡ್ಡಲಾಗಿ ಸಣ್ಣ ಗೆರೆಗಳು ಮೂಡುತ್ತವೆ. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ. ಹೋನಿಂಗ್ ಮಾಡುವಾಗ ಸಿಲಿಂಡರ್ ಹೆಡ್ಡಿನ ಬದಲು ಒಂದು ದಪ್ಪನೆಯ ಉಕ್ಕಿನ ಹಲಗೆಯನ್ನು ಅದೇ ಬಿಗಿತದಲ್ಲಿ ಬಿಗಿಯುವುದು ಒಳ್ಳೆಯದು. ಹೆಡ್ಡನ್ನು ಬಿಗಿದಾಗ ಬ್ಲಾಕು ಕೊಂಚ ಸೊಟ್ಟಗಾಗುತ್ತದೆ. ಆ ಸ್ಥಿತಿಯಲ್ಲಿ ದುಂಡಗೆ ಮಾಡಿದ್ದೇ ಓಡುವಾಗಲೂ ದುಂಡಗಿರುತ್ತದೆ.

ಇನ್ನು ಮರೆಯಬಾರದ ಎರಡು ಸಂಗತಿಗಳು. ಮೊದಲನೆಯದು ಸಂಪೀಡನದ ಪ್ರಮಾಣ. ಪಿಸ್ಟನ್ನು ಕೆಳಗಿರುವಾಗಿನ ಒಟ್ಟು ಜಾಗ, ಮೇಲಿರುವಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದೇ ಈ ಪ್ರಮಾಣ. ಎಂ.ಜಿ.ಬಿ.ಯಲ್ಲಿ ಇದು 8.8. ಒಂದು ಸಿಲಿಂಡರಿನ ಗಾತ್ರ ಸುಮಾರು 450 ಆದ್ದರಿಂದ ಮೇಲೆ ಉಳಿಯುವ ಜಾಗ ಸುಮಾರು 58 ಘನ ಸೆಂಟಿಮೀಟರು. ಆ 58ನ್ನು ಹಾಗೆಯೇ ಬಿಟ್ಟು ಸಿಲಿಂಡರನ್ನು 487ಕ್ಕೆ ಹಿಗ್ಗಿಸಿದರೆ ಪ್ರಮಾಣ ಒಂಬತ್ತೂವರೆಯ ಹತ್ತಿರಕ್ಕೆ ಏರುತ್ತದೆ. ಆಗ ಸಾಮಾನ್ಯ ಪೆಟ್ರೋಲು ಕಾಲಕ್ಕೆ ಮುಂಚೆ ಹೊತ್ತಿ, ಏರು ರಸ್ತೆಯಲ್ಲಿ ಎಂಜಿನ್ನು ಟಣಟಣ ಬಡಿದುಕೊಳ್ಳಬಹುದು. ಆ ಬಡಿತ ಪಿಸ್ಟನ್ನಿಗೆ ಮೃತ್ಯು. ಆದ್ದರಿಂದ ಪಿಸ್ಟನ್ನಿನ ತಲೆಯ ತಗ್ಗನ್ನೂ ಹೆಡ್ಡಿನ ಕುಳಿಯನ್ನೂ ದ್ರವ ಸುರಿದು ಅಳೆದು, ಪ್ರಮಾಣವನ್ನು ಹತೋಟಿಯಲ್ಲಿಡಬೇಕು.

ಎರಡನೆಯದು ಉಸಿರಾಟ. ಈ ಎಂಜಿನ್ನಿನ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿ ಒಳಬರುವ ದ್ವಾರಗಳು ಎರಡೇ, ಹೊಗೆ ಹೋಗುವ ದ್ವಾರಗಳು ಮೂರೇ. ಎದೆಗೂಡು ಅಗಲವಾಗಿ ಮೂಗಿನ ಹೊಳ್ಳೆ ಹಾಗೆಯೇ ಉಳಿದರೆ ಓಟಗಾರನಿಗೆ ಏನು ಪ್ರಯೋಜನ? 1955ರ ಎಂ.ಜಿ.ಎ.ಗೆ ಮೊದಲಿಗಿದ್ದದ್ದು 68 ಅಶ್ವಶಕ್ತಿ, 1962ರ ಎಂ.ಜಿ.ಬಿ.ಗೆ 95. ಗಾತ್ರ ಬೆಳೆದದ್ದು ನೂರಕ್ಕೆ ಇಪ್ಪತ್ತೊಂದು, ಶಕ್ತಿ ಬೆಳೆದದ್ದು ನೂರಕ್ಕೆ ನಲವತ್ತರ ಸಮೀಪ. ಹೆಚ್ಚಿನ ಪಾಲು ಎಲ್ಲಿಂದ ಬಂತು? ಉಸಿರಾಟವನ್ನೂ ಸಂಪೀಡನವನ್ನೂ ತಿದ್ದಿದ್ದರಿಂದ ಬಂತು. ಹೆಡ್ಡಿನ ದ್ವಾರಗಳನ್ನು ನುಣುಪು ಮಾಡುವುದು, ವಾಲ್ವುಗಳನ್ನು ಸರಿಯಾಗಿ ಕೂರಿಸುವುದು, ಜೋಡಿ ಕಾರ್ಬ್ಯುರೇಟರುಗಳ ಸೂಜಿಗಳನ್ನು ತಕ್ಕಂತೆ ಆರಿಸುವುದು, ಇವುಗಳಿಂದ ಬರುವ ಲಾಭಕ್ಕೆ ಬ್ಲಾಕಿನ ಒಂದು ರವೆ ಕಬ್ಬಿಣವೂ ಖರ್ಚಾಗುವುದಿಲ್ಲ. ಇವು ಸಾಲದಾದರೆ ಮತ್ತೆ ಮಾಡಬಹುದು, ಹೆಚ್ಚಾದರೆ ಹೆಡ್ಡನ್ನೇ ಬದಲಾಯಿಸಬಹುದು. ಹೆಡ್ಡು ಬಿಚ್ಚಿರುವಾಗಲೇ ಹೊಗೆಯ ವಾಲ್ವುಗಳ ಪೀಠಗಳನ್ನು ಗಟ್ಟಿ ಲೋಹದವಾಗಿ ಮಾಡಿಸುವುದೂ ಜಾಣತನ. ಸೀಸ ಬೆರೆತ ಪೆಟ್ರೋಲು ಇಂಗ್ಲೆಂಡಿನಲ್ಲಿ 1999ರ ಕೊನೆಗೂ ನಮ್ಮಲ್ಲಿ 2000ದಲ್ಲಿಯೂ ನಿಂತಿತು. ಆ ಸೀಸವನ್ನು ನಂಬಿದ್ದ ಹಳೆಯ ಪೀಠಗಳು ಈಗ ಬೇಗ ಸವೆಯುತ್ತವೆ.

ಕಾಗದಪತ್ರಗಳ ಮಾತೂ ಇದೆ. ಕಾರಿನ ನೋಂದಣಿ ಪತ್ರದಲ್ಲಿ ಎಂಜಿನ್ನಿನ ಘನಗಾತ್ರ ದಾಖಲಾಗಿರುತ್ತದೆ, ಅಲ್ಲಿಯೂ, ಇಲ್ಲಿಯೂ. ಅದನ್ನು ಬದಲಾಯಿಸಿದವರು ಸಂಬಂಧಪಟ್ಟ ಕಚೇರಿಗೆ ತಿಳಿಸಿ ಮಾಡಬೇಕಾದದ್ದನ್ನು ಮಾಡತಕ್ಕದ್ದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇಲ್ಲಿ ಹಾಸಿಗೆಯೆಂದರೆ ಗೋಡೆಯ ದಪ್ಪ. 20ರ ಅಳತೆಯಲ್ಲಿ ಸಿಲಿಂಡರು ದುಂಡಗಾಗುವುದಾದರೆ 20ಕ್ಕೇ ನಿಲ್ಲಬೇಕು. 40 ಬೇಕಾದರೆ 40ಕ್ಕೆ. 60ನ್ನು ಸವೆತ ಕೇಳಿದಾಗ ಕೊಡಬೇಕೇ ಹೊರತು ಆಸೆ ಕೇಳಿದಾಗಲ್ಲ. ಸವೆತ ಕೇಳದೆ 1950ಕ್ಕೆ ಹಾರುವವರು, ಇನ್ನು ಎರಡು ಮೂರು ಸಲ ನಡೆಯಬಹುದಾಗಿದ್ದ ಜೀರ್ಣೋದ್ಧಾರವನ್ನು ಎಂಟು ಅಶ್ವಶಕ್ತಿಗೆ ಮಾರಿಕೊಂಡಂತಾಯಿತು. ಪಂದ್ಯಕ್ಕೆಂದೇ ಮೀಸಲಾದ ಕಾರಾದರೆ, ಅಳೆದು ನೋಡಿದ ದಪ್ಪ ಗೋಡೆಯ ಬ್ಲಾಕೇ ಆದರೆ, ಆ ಮಾತು ಬೇರೆ. ಉಳಿದವರು ಮಾಡಬಹುದಾದ ಉಪಕಾರವೊಂದಿದೆ. ಈ ಕಾರುಗಳು ತಮ್ಮ ಒಡೆಯರಿಗಿಂತ ಹೆಚ್ಚು ಕಾಲ ಬಾಳುತ್ತವೆ. ಇಂದಿನ ಒಡೆಯನ ಬಳಿಕ ಇನ್ನೊಬ್ಬನು ಆ ಎಂಜಿನ್ನನ್ನು ಬಿಚ್ಚುತ್ತಾನೆ. ಅವನಿಗೆ ಕೊರೆಯಲು ಒಂದು ಅಳತೆ ಉಳಿಸಿರಬೇಕು, ಈ ಸಲ ಎಷ್ಟು ಕೊರೆಯಿತೆಂಬುದನ್ನು ಬರೆದಿಟ್ಟಿರಬೇಕು.